ಅಳತೆ ಮೀರಿದ ಹೊರೆಗೆ ಬಹಿರಂಗವಾದ ಅನುಮತಿ

ಚಿತ್ರದುರ್ಗದ ಗುಡ್ಡಗಳ ನೆತ್ತಿಯಲ್ಲಿಯೂ ಗದಗಿನ ಕಪ್ಪತಗುಡ್ಡದ ಸೆರಗಿನಲ್ಲಿಯೂ ಇಂದು ತಿರುಗುತ್ತಿರುವ ಗಾಳಿಯಂತ್ರಗಳ ರೆಕ್ಕೆಗಳು, ಊರೂರಿಗೆ ವಿದ್ಯುತ್ತನ್ನು ಹಂಚುವ ಉಪಕೇಂದ್ರಗಳ ಟ್ರಾನ್ಸ್‌ಫಾರ್ಮರುಗಳು, ನಗರಗಳ ಮೇಲುಸೇತುವೆಗಳಿಗೆ ಬೇಕಾದ ತೊಲೆಗಳು, ಕಾರ್ಖಾನೆಗಳ ಬಾಯ್ಲರುಗಳು, ಇವೆಲ್ಲವೂ ಎಲ್ಲಿಯೋ ದೂರದಲ್ಲಿ ನಿರ್ಮಿತವಾಗಿ, ತುಂಡರಿಸಿ ಸಾಗಿಸಲು ಬಾರದವಾದುದರಿಂದ ಇಡಿಯಾಗಿಯೇ, ನಾವು ದಿನವೂ ಓಡಾಡುವ ರಸ್ತೆಗಳ ಮೇಲೆಯೇ ಪಯಣಿಸಿ ತಮ್ಮ ನೆಲೆಯನ್ನು ಸೇರಿದಂಥವು. ಲಾರಿಯವರ ಮಾತಿನಲ್ಲಿ ಓ.ಡಿ.ಸಿ. ಎನಿಸಿಕೊಳ್ಳುವ ಈ ಹೊರೆಗಳು ಊರ ಮುಂದೆ ಹಾದುಹೋಗುವಾಗ ಮಕ್ಕಳು ಕುತೂಹಲದಿಂದ ನೋಡುತ್ತಾರೆ. ಅವುಗಳ ಹಿಂದೆ ಸಿಕ್ಕಿಕೊಂಡ ಬಸ್ಸಿನವರು ಬೇಸರದಿಂದ ನೋಡುತ್ತಾರೆ. ಆದರೆ ಕುತೂಹಲ ಬೇಸರಗಳೆರಡನ್ನೂ ದಾಟಿ ಕೇಳಬೇಕಾದ ಪ್ರಶ್ನೆಯೊಂದಿದೆ. ಎಲ್ಲರಿಗೂ ಸೇರಿದ ರಸ್ತೆಯನ್ನು ಒಂದು ರಾತ್ರಿಯ ಮಟ್ಟಿಗೆ ಒಬ್ಬರ ಹೊರೆಗಾಗಿ ಬಿಟ್ಟುಕೊಡುವ ಅಧಿಕಾರ ಯಾರದು, ಆ ಅಧಿಕಾರವುಳ್ಳವರು ಯಾವ ತಿಳಿವಳಿಕೆಯ ಆಧಾರದ ಮೇಲೆ ಅನುಮತಿಯನ್ನು ಕೊಡುತ್ತಾರೆ, ಮತ್ತು ಕೊಟ್ಟ ಅನುಮತಿಯಿಂದ ಕೇಡಾದರೆ ಉತ್ತರ ಹೇಳುವವರಾರು?

ಅನುಮತಿಯೆಂಬುದು ಶುಲ್ಕ ತೆತ್ತುದಕ್ಕೆ ಕೊಡುವ ರಸೀದಿಯಾಗಿ ಉಳಿಯಬಾರದು. ದಾರಿಯ ಪ್ರತಿಯೊಂದು ಸೇತುವೆಯ ಬಲವನ್ನೂ ಪ್ರತಿಯೊಂದು ತಂತಿಯ ಎತ್ತರವನ್ನೂ ಬಲ್ಲ ಒಬ್ಬ ಹೊಣೆಗಾರನಾದ ಅಧಿಕಾರಿಯು, ಆ ದಾರಿಯಲ್ಲಿ ಬಾಳುವ ಜನಕ್ಕೆ ತಿಳಿಯುವಂತೆ ಬಹಿರಂಗವಾಗಿ ಕೊಡುವ ಮಾತಾಗಬೇಕು. ನನ್ನ ವಾದವೆಲ್ಲ ಇಷ್ಟರಲ್ಲಿ ಅಡಗಿದೆ. ಮುಂದಿನದು ಅದರ ಸಮರ್ಥನೆ.

ಭಾರವಾದುದನ್ನು ದೂರಕ್ಕೆ ಒಯ್ಯುವ ಸಾಹಸ ನಮ್ಮ ನಾಡಿಗೆ ಹೊಸದಲ್ಲ. ಕಾರ್ಕಳದ ಗುಡ್ಡದ ಮೇಲೆ 1432ರಲ್ಲಿ ಪ್ರತಿಷ್ಠಿತನಾದ ನಲವತ್ತಡಿಗೂ ಮೀರಿದ ಗೊಮ್ಮಟನನ್ನು ಬೇರೆಡೆಯಲ್ಲಿ ಕಡೆದು, ಬಹುಚಕ್ರಗಳ ಬಂಡಿಯ ಮೇಲೇರಿಸಿ ಎಳೆದು ತಂದರೆಂಬುದು ಅಲ್ಲಿನ ಪರಂಪರೆಯ ಮಾತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯುವುದಕ್ಕೆ ಮುನ್ನ, ಸಮುದ್ರದಾಚೆಯಿಂದ ಬಂದ ಯಂತ್ರಗಳನ್ನು ರೈಲುಮಾರ್ಗದಿಂದ ದೂರವಿದ್ದ ಆ ಕಾಡುದಾರಿಯಲ್ಲಿ ಎತ್ತಿನ ಗಾಡಿಗಳೂ ಆನೆಗಳೂ ಸಾಗಿಸಬೇಕಾಯಿತು. ಇನ್ನು, ಹಿರಿಯರಾದ ಓದುಗರಲ್ಲಿ ಕೆಲವರ ನೆನಪಿನಲ್ಲಿಯೇ ಇರಬಹುದಾದ ಘಟನೆ 1973ರದು. ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಾರ್ಕಳದಲ್ಲಿ ಕಡೆದ 39 ಅಡಿ ಎತ್ತರದ ಬಾಹುಬಲಿಯ ಏಕಶಿಲಾಮೂರ್ತಿ, ನೂರೈವತ್ತು ಟನ್ನಿಗೂ ಮೀರಿದ ತೂಕದೊಡನೆ, ಬಹುಚಕ್ರಗಳ ಟ್ರೇಲರಿನ ಮೇಲೆ ಮಲಗಿ, ಏರಿಳಿತಗಳ ದಾರಿಯಲ್ಲಿ ಧರ್ಮಸ್ಥಳವನ್ನು ತಲಪಿತು. ದಾರಿಯುದ್ದಕ್ಕೂ ಊರವರು ನೆರೆದು ನೋಡಿದರು.

ಈ ಮೂರು ಸಂದರ್ಭಗಳಲ್ಲಿಯೂ ಹೊರೆಯ ಪಯಣವು ಒಂದು ತಲೆಮಾರಿಗೆ ಒಮ್ಮೆ ನಡೆಯುವ ವಿಶೇಷವಾಗಿದ್ದಿತು. ಆದುದರಿಂದ ಅದಕ್ಕೆ ಬೇಕಾದ ಎಚ್ಚರಿಕೆಯೂ ಸಿದ್ಧತೆಯೂ ಆ ವಿಶೇಷದ ಗಾಂಭೀರ್ಯದಿಂದಲೇ ತಾವಾಗಿ ಒದಗಿಬರುತ್ತಿದ್ದವು. ಇಂದಿನ ಸ್ಥಿತಿ ಹಾಗಿಲ್ಲ. ಒಂದು ಗಾಳಿಯಂತ್ರಕ್ಕೆ ಮೂರು ರೆಕ್ಕೆಗಳು. ಒಂದು ಗುಡ್ಡದ ಸಾಲಿಗೆ ಹತ್ತಾರು ಯಂತ್ರಗಳು. ಅವುಗಳ ಕಂಬದ ಖಂಡಗಳು ಬೇರೆ, ನೆತ್ತಿಯ ಯಂತ್ರಪೆಟ್ಟಿಗೆಗಳು ಬೇರೆ. ಅಪರೂಪವಾಗಿದ್ದುದು ನಿತ್ಯವಾದಾಗ, ಉತ್ಸಾಹವೂ ಸದ್ಭಾವವೂ ಮಾಡುತ್ತಿದ್ದ ಕೆಲಸವನ್ನು ವಿಧಿನಿಯಮಗಳು ಮಾಡಬೇಕಾಗುತ್ತದೆ. ಆ ನಿಯಮಗಳು ನಮ್ಮಲ್ಲಿ ಹೇಗಿವೆ?

1988ರ ಮೋಟಾರು ವಾಹನ ಕಾಯಿದೆಯೂ 1989ರ ಕೇಂದ್ರ ನಿಯಮಾವಳಿಯೂ ರಸ್ತೆಯ ಮೇಲಿನ ವಾಹನಕ್ಕೆ ಒಂದು ಮೇರೆಯನ್ನು ಹಾಕಿಕೊಟ್ಟಿವೆ. ಅಗಲ 2.6 ಮೀಟರನ್ನು ಮೀರಬಾರದು; ಸಾಮಾನ್ಯ ಲಾರಿಯ ಉದ್ದ 12 ಮೀಟರನ್ನು ಮೀರಬಾರದು; ಎತ್ತರ 4 ಮೀಟರಿನೊಳಗಿರಬೇಕು. ತೂಕದ ವಿಷಯದಲ್ಲಿ 2018ರಲ್ಲಿ ಕೇಂದ್ರ ಸರ್ಕಾರವು ಮಿತಿಯನ್ನು ಏರಿಸಿ, ನಾಲ್ಕು ಗಾಲಿಗಳ ಒಂದು ಅಚ್ಚಿನ ಮೇಲೆ 10.2 ಟನ್ ಇದ್ದುದನ್ನು 11.5 ಟನ್ ಮಾಡಿತು; ದೊಡ್ಡ ಟ್ರೇಲರುಗಳ ಒಟ್ಟು ತೂಕದ ಮಿತಿ 49 ಟನ್ನಿನಿಂದ 55 ಟನ್ನಿಗೆ ಏರಿತು. ಈ ಸಂಖ್ಯೆಗಳು ಯಾವನೋ ಒಬ್ಬ ಗುಮಾಸ್ತನ ಲೇಖನಿಯಿಂದ ಉದುರಿದವಲ್ಲ. ನಮ್ಮ ಇಬ್ಬದಿ ಸಂಚಾರದ ಹೆದ್ದಾರಿಯ ಟಾರಿನ ಅಗಲ ಸಾಮಾನ್ಯವಾಗಿ 7 ಮೀಟರು; ಒಂದೊಂದು ದಿಕ್ಕಿಗೆ ಮೂರೂವರೆ ಮೀಟರು. ಎರಡೂವರೆ ಮೀಟರಿನ ವಾಹನಗಳೆರಡು ಎದುರುಬದುರಾದಾಗ ನಡುವೆ ಉಳಿಯುವ ಅಂತರವೇ ಬೈಸಿಕಲ್ಲಿನವನ ಪ್ರಾಣರಕ್ಷೆ. ಐದು ಮೀಟರು ಅಗಲದ ಹೊರೆಯು ಅದೇ ದಾರಿಯಲ್ಲಿ ಬಂದಿತೆಂದರೆ, ಎದುರಿನಿಂದ ಬರುವವನಿಗೆ ದಾರಿಯೇ ಉಳಿಯಲಿಲ್ಲವೆಂದು ಅರ್ಥ.

ಮೇರೆಯನ್ನು ಮೀರಲೇಬೇಕಾದ ಹೊರೆಗಳಿಗೆ ವಿಶೇಷಾನುಮತಿಯ ದಾರಿಯನ್ನು ಕಾನೂನೇ ತೆರೆದಿಟ್ಟಿದೆ. ಅದು ಯುಕ್ತವೂ ಹೌದು. ಆದರೆ ಹೊರೆಯು ಮೇರೆಯನ್ನು ಮೀರುವ ಬಗೆ ಒಂದೇ ಅಲ್ಲವೆಂಬುದನ್ನೂ, ಒಂದೊಂದು ಬಗೆಯ ಅತಿಕ್ರಮಣವು ಒಂದೊಂದನ್ನು ಅಪಾಯಕ್ಕೊಡ್ಡುತ್ತದೆಂಬುದನ್ನೂ ಮೊದಲು ಮನಗಾಣಬೇಕು.

ಉದ್ದವಾದ ಹೊರೆಗೆ ಶತ್ರು ತಿರುವು. ಅರವತ್ತು ಮೀಟರನ್ನು ಮೀರಿದ ಗಾಳಿಯಂತ್ರದ ರೆಕ್ಕೆಯು ತೂಕದಲ್ಲಿ ಒಂದು ತುಂಬಿದ ಲಾರಿಗಿಂತ ಹೆಚ್ಚೇನೂ ಇಲ್ಲದಿರಬಹುದು. ಸೇತುವೆಗೆ ಅದರಿಂದ ಭಯವಿಲ್ಲ. ಆದರೆ ಪಶ್ಚಿಮಘಟ್ಟದ ಹೇರ್‌ಪಿನ್ ತಿರುವಿನಲ್ಲಾಗಲಿ, ಹಳೆಯ ಪೇಟೆಯ ಮೂರುದಾರಿ ಕೂಡುವೆಡೆಯಲ್ಲಾಗಲಿ, ಅದರ ತುದಿಯು ಮನೆಯ ಮಾಡನ್ನೋ ಗುಡ್ಡದ ಮೈಯನ್ನೋ ಸವರದೆ ತಿರುಗಲಾರದು. ಎತ್ತರವಾದ ಹೊರೆಗೆ ಶತ್ರು ತಂತಿ. ರಸ್ತೆಯನ್ನು ಅಡ್ಡ ಹಾಯುವ ಮನೆಬಳಕೆಯ ವಿದ್ಯುತ್ ತಂತಿ ನೆಲದಿಂದ ಕನಿಷ್ಠ 5.8 ಮೀಟರು, ಹನ್ನೊಂದು ಸಾವಿರ ವೋಲ್ಟಿನ ತಂತಿ 6.1 ಮೀಟರು ಎತ್ತರದಲ್ಲಿರಬೇಕೆಂಬುದು ವಿಧಿ. ವಿದ್ಯುದೀಕರಣವಾದ ರೈಲುಮಾರ್ಗದ ಗೇಟುಗಳಲ್ಲಿ ನೆಟ್ಟಿರುವ ಎತ್ತರದ ಕಮಾನು ಸುಮಾರು 4.7 ಮೀಟರಿನದು. ಬೇಸಗೆಯ ಬಿಸಿಲಿಗೆ ಜೋತುಬಿದ್ದ ತಂತಿಯೂ, ಮೇಲಿಂದ ಮೇಲೆ ಡಾಂಬರು ಸುರಿದು ಎತ್ತರಗೊಂಡ ರಸ್ತೆಯೂ ಈ ಅಂತರವನ್ನು ವರ್ಷದಿಂದ ವರ್ಷಕ್ಕೆ ಕಿರಿದುಮಾಡುತ್ತಿರುತ್ತವೆ. ಅಗಲವಾದ ಹೊರೆಗೆ ಎದುರಾಗುವುದು ಜನವೇ, ಅಂದರೆ ಸೈಕಲ್ಲಿನವನು, ಬಸ್ಸಿಗೆ ಕಾದು ನಿಂತವನು, ದನ ಹೊಡೆದುಕೊಂಡು ಮನೆಗೆ ಮರಳುವವನು.

ಭಾರವಾದ ಹೊರೆಯ ವಿಷಯ ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ಪಲ್ಲಕ್ಕಿಯು ಭಾರವಾದಷ್ಟೂ ಹೆಚ್ಚು ಹೆಗಲುಗಳನ್ನು ಒಡ್ಡಬೇಕಾಗುವಂತೆ, ಇಂತಹ ಹೊರೆಗೆ ಸಾಲುಸಾಲಾದ ಅಚ್ಚುಗಳ ಹೈಡ್ರಾಲಿಕ್ ಟ್ರೇಲರನ್ನು ಬಳಸುತ್ತಾರೆ. ಎಂಟು ಗಾಲಿಗಳ ಒಂದೊಂದು ಅಚ್ಚಿನ ಮೇಲೆ 18 ಟನ್ನಿನವರೆಗೆ ಭಾರವನ್ನು ಹಂಚುತ್ತಾರೆ. ರಸ್ತೆಯ ಮೈಗೆ ಇದರಿಂದ ರಕ್ಷಣೆ ದೊರೆಯುತ್ತದೆ. ಆದರೆ ಸೇತುವೆಯ ಕಂಬಗಳೆರಡರ ನಡುವಣ ತೊಲೆಗೆ ಗಾಲಿಗಳ ಸಂಖ್ಯೆಯಿಂದ ಪೂರ್ಣ ಸಮಾಧಾನ ದೊರೆಯುವುದಿಲ್ಲ. ತನ್ನ ಮೇಲೆ ಒಂದೇ ಕಾಲಕ್ಕೆ ನಿಂತ ಒಟ್ಟು ಭಾರವೆಷ್ಟೆಂಬುದೇ ಅದರ ಚಿಂತೆ. ಇದನ್ನರಿತೇ ಭಾರತೀಯ ರಸ್ತೆ ಕಾಂಗ್ರೆಸ್ಸು ತನ್ನ ಸೇತುವೆ ಸಂಹಿತೆಯಲ್ಲಿ ವಿಶೇಷ ವಾಹನವೊಂದನ್ನು ಕಲ್ಪಿಸಿಕೊಂಡಿದೆ. ಇಪ್ಪತ್ತು ಅಚ್ಚುಗಳ, ಎಳೆಯುವ ವಾಹನವೂ ಸೇರಿ 385 ಟನ್ ತೂಗುವ ಆ ವಾಹನವು ಸೇತುವೆಯ ಮೇಲೆ ಗಂಟೆಗೆ 5 ಕಿಲೋಮೀಟರು ಮೀರದ ವೇಗದಲ್ಲಿ, ಸೇತುವೆಯ ನಡುಗೆರೆಯಿಂದ 300 ಮಿಲಿಮೀಟರಿಗಿಂತ ಆಚೀಚೆ ಸರಿಯದೆ, ಬೇರಾವ ವಾಹನವೂ ಜೊತೆಯಲ್ಲಿಲ್ಲದಾಗ ಒಂಟಿಯಾಗಿ ಸಾಗತಕ್ಕದ್ದೆಂದು ಅಲ್ಲಿ ವಿಧಿಸಲಾಗಿದೆ. ನಡುವೆ ಬ್ರೇಕು ಹಾಕಿದರೆ ಆಗುವ ಆಘಾತವನ್ನು ಆ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ಎಂದರೆ ಬ್ರೇಕು ಹಾಕುವ ಪ್ರಸಂಗವೇ ಬರಬಾರದು. ಈ ನಿಬಂಧನೆಗಳಲ್ಲಿ ಒಂದನ್ನು ಸಡಿಲಿಸಿದರೂ ಲೆಕ್ಕದ ಆಧಾರವೇ ಕುಸಿಯುತ್ತದೆ. ಈ ವಿಶೇಷ ವಾಹನದ ಲೆಕ್ಕ ಸಂಹಿತೆಗೆ ಸೇರುವುದಕ್ಕೆ ಎಷ್ಟೋ ವರ್ಷ ಮೊದಲು ಕಟ್ಟಿದ ಸೇತುವೆಗಳೇ ನಮ್ಮ ದಾರಿಗಳಲ್ಲಿ ಬಹುಸಂಖ್ಯೆಯಲ್ಲಿವೆಯೆಂಬುದನ್ನೂ ಮರೆಯಲಾಗದು. ಹೀಗಿರುವಲ್ಲಿ ನಡುರಾತ್ರಿ ಆ ಸೇತುವೆಯ ಎರಡೂ ತುದಿಗಳಲ್ಲಿ ನಿಂತು ಇತರ ವಾಹನಗಳನ್ನು ತಡೆಯುವವರು ಯಾರೆಂಬುದು ಅನುಮತಿಪತ್ರದಲ್ಲಿ ಹೆಸರು ಹಿಡಿದು ಬರೆಯಬೇಕಾದ ವಿಷಯವಾಗುತ್ತದೆ.

ಈಗ ಅನುಮತಿಯನ್ನು ಅರಸಿ ಹೊರಟವನ ಪಾಡನ್ನು ನೋಡೋಣ. ರಾಷ್ಟ್ರೀಯ ಹೆದ್ದಾರಿಗೆ ಕೇಂದ್ರದ ಸಾರಿಗೆ ಸಚಿವಾಲಯದ ಅನುಮತಿ ಬೇಕು. ಇದನ್ನು ಅಂತರ್ಜಾಲದ ಮೂಲಕವೇ ಪಡೆಯಬಹುದಾದ ಪದ್ಧತಿ ಬಂದಿರುವುದು ಸ್ತುತ್ಯವಾದ ಸುಧಾರಣೆ. ಆದರೆ ಗಾಳಿಯಂತ್ರವು ಹೆದ್ದಾರಿಯ ಮೇಲೆ ನಿಲ್ಲುವುದಿಲ್ಲ, ಗುಡ್ಡದ ಮೇಲೆ ನಿಲ್ಲುತ್ತದೆ. ಹೆದ್ದಾರಿಯಿಂದ ಕವಲೊಡೆದೊಡನೆ ರಾಜ್ಯದ ಲೋಕೋಪಯೋಗಿ ಇಲಾಖೆಯ ರಸ್ತೆ, ಅನಂತರ ಜಿಲ್ಲಾ ರಸ್ತೆ, ಕೊನೆಗೆ ಪಂಚಾಯಿತಿಯ ರಸ್ತೆ. ತಂತಿಯನ್ನು ಎತ್ತಿಸುವುದಕ್ಕೋ ವಿದ್ಯುತ್ತನ್ನು ನಿಲ್ಲಿಸುವುದಕ್ಕೋ ಆಯಾ ಪ್ರದೇಶದ ವಿದ್ಯುತ್ ಕಂಪನಿ, ರೈಲು ಗೇಟಿಗೆ ರೈಲ್ವೆ ಇಲಾಖೆ, ಮರದ ಕೊಂಬೆಗೆ ಅರಣ್ಯ ಇಲಾಖೆ, ಬೆಂಗಾವಲಿಗೆ ಪೊಲೀಸರು; ಘಾಟಿಯ ದಾರಿಯಾದರೆ, ಭಾರಿ ವಾಹನಗಳ ಸಂಚಾರವನ್ನು ನಿಷೇಧಿಸುವ ಅಧಿಕಾರವುಳ್ಳ ಜಿಲ್ಲಾಧಿಕಾರಿಗಳು. ರಾಜ್ಯದ ಗಡಿಯನ್ನು ದಾಟಿದರೆ ಇಷ್ಟೂ ಮತ್ತೊಮ್ಮೆ. ಇವರಲ್ಲಿ ಒಬ್ಬೊಬ್ಬರೂ ತಮ್ಮ ಪಾಲಿನ ತುಣುಕನ್ನು ಮಾತ್ರ ಬಲ್ಲರು. ಇಡಿಯ ದಾರಿಯನ್ನು ಬಲ್ಲವರು ಯಾರೂ ಇಲ್ಲ. ಒಬ್ಬರ ಒಪ್ಪಿಗೆಯ ಅವಧಿ ಮುಗಿಯುವ ವೇಳೆಗೆ ಇನ್ನೊಬ್ಬರ ಒಪ್ಪಿಗೆ ಬರುವುದೂ ಉಂಟು.

ಇದರ ಫಲವೇನೆಂಬುದಕ್ಕೆ ಎರಡು ನಿದರ್ಶನಗಳು ಎಲ್ಲರೂ ಬಲ್ಲಂಥವು. ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರಕ್ಕೆ ಬೇಕಾಗಿದ್ದ, ಸುಮಾರು 70 ಟನ್ ತೂಕದ ಆಟೋಕ್ಲೇವ್ ಯಂತ್ರವೊಂದು 2019ರ ಜುಲೈನಲ್ಲಿ ಮಹಾರಾಷ್ಟ್ರದ ಅಂಬರನಾಥದಿಂದ 74 ಗಾಲಿಗಳ ವಾಹನದ ಮೇಲೆ ಹೊರಟಿತು. ಮರದ ಕೊಂಬೆಗಳನ್ನು ಕತ್ತರಿಸಿಕೊಂಡು, ತಂತಿಗಳನ್ನು ಸರಿಸಿಕೊಂಡು, ನಡುವೆ ಬಂದೆರಗಿದ ಮಹಾಮಾರಿಯ ನಿರ್ಬಂಧಗಳಲ್ಲಿ ಸಿಕ್ಕಿ ನಿಂತು, ಗುರಿಮುಟ್ಟಿದುದು 2020ರ ಜುಲೈನಲ್ಲಿ. ದೇಶದ ಬಾಹ್ಯಾಕಾಶ ಯೋಜನೆಗೆ ಸಂಬಂಧಿಸಿದ ಹೊರೆಗೇ ಒಂದು ವರ್ಷ ಹಿಡಿಯಿತು. ಎರಡನೆಯದು ನಮ್ಮ ಬೆಂಗಳೂರಿನ ಈಜಿಪುರದ ದೇವಾಲಯಕ್ಕಾಗಿ ತಮಿಳುನಾಡಿನ ತಿರುವಣ್ಣಾಮಲೆ ಜಿಲ್ಲೆಯ ವಂದವಾಸಿಯ ಸಮೀಪದ ಬಂಡೆಯಿಂದ ಕಡೆದು ತಂದ ಮಹಾವಿಷ್ಣುವಿನ ಮೂರ್ತಿಯದು. ಮುನ್ನೂರು ಟನ್ನಿಗೂ ಹೆಚ್ಚೆಂದು ಹೇಳಲಾದ ಆ ಶಿಲೆ, ಇನ್ನೂರಕ್ಕೂ ಹೆಚ್ಚು ಗಾಲಿಗಳ ಮೇಲೆ 2018ರ ಕೊನೆಯಲ್ಲಿ ಹೊರಟು 2019ರ ನಡುಭಾಗದಲ್ಲಿ ಬೆಂಗಳೂರನ್ನು ಸೇರಿತು. ಕೃಷ್ಣಗಿರಿಯ ಆಸುಪಾಸಿನಲ್ಲಿ ಸೇತುವೆಯು ಭಾರವನ್ನು ತಾಳಲಾರದೆಂಬ ಕಾರಣದಿಂದ ಅದರ ಪಕ್ಕದಲ್ಲಿ ಮಣ್ಣಿನ ತಾತ್ಕಾಲಿಕ ದಾರಿಯನ್ನು ಹಾಕಿ ದಾಟಿಸಬೇಕಾಯಿತು. ಸೇತುವೆಯನ್ನು ನಂಬದೆ ಬೇರೆ ದಾರಿ ಹಾಕಿಸಿದ ವಿವೇಕ ಮೆಚ್ಚತಕ್ಕದ್ದೇ. ಆದರೆ ಆ ಸೇತುವೆ ತಾಳುವುದೋ ಇಲ್ಲವೋ ಎಂಬ ನಿರ್ಣಯವು ಹೊರೆಯು ಹೊರಡುವ ಮುನ್ನವೇ ಆಗಬೇಕಾದುದು, ಹೊರೆಯು ಹೊಳೆಯ ದಡದಲ್ಲಿ ಬಂದು ನಿಂತ ಮೇಲೆ ಆಗಬೇಕಾದುದಲ್ಲ.

ನಿಯಮದ ದಾರಿ ಇಷ್ಟು ದೀರ್ಘವಾಗಿ, ನಿಯಮಭಂಗದ ದಾರಿ ಇದಕ್ಕಿಂತ ಹ್ರಸ್ವವಾಗಿದ್ದರೆ, ಮನುಷ್ಯಸ್ವಭಾವವು ಎತ್ತ ಒಲಿಯುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. 2019ರ ತಿದ್ದುಪಡಿಯ ಪ್ರಕಾರ ಮಿತಿಮೀರಿದ ತೂಕಕ್ಕೆ 20,000 ರೂಪಾಯಿಯೂ, ಹೆಚ್ಚುವರಿಯ ಪ್ರತಿ ಟನ್ನಿಗೆ 2,000 ರೂಪಾಯಿಯೂ ದಂಡ. ಮೈಯಿಂದ ಹೊರಚಾಚಿದ ಹೊರೆಗೆ 20,000 ರೂಪಾಯಿ. ಜಲ್ಲಿ ಮರಳು ಸಾಗಿಸುವ ಲಾರಿಯ ಮಾಲೀಕನಿಗೆ ಇದು ಭಾರವೇ ಸರಿ. ಆದರೆ ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ಸಾಗಿಸುವವನಿಗೆ, ಒಂದೊಂದು ದಿನದ ವಿಳಂಬಕ್ಕೂ ಲಕ್ಷಗಳ ಲೆಕ್ಕದಲ್ಲಿ ನಷ್ಟವಾಗುವವನಿಗೆ, ಈ ದಂಡವು ಪ್ರಯಾಣದ ಖರ್ಚಿನ ಒಂದು ಸಣ್ಣ ಬಾಬತ್ತಾಗಿ ಪರಿಣಮಿಸುತ್ತದೆ. ಹೀಗೆ ಕಾನೂನನ್ನು ಪಾಲಿಸುವವನು ತಿಂಗಳುಗಟ್ಟಲೆ ರಸ್ತೆಯ ಬದಿಯಲ್ಲಿ ಕಾಯುವಾಗ, ಪಾಲಿಸದವನು ರಾತ್ರಿಯ ಕತ್ತಲಲ್ಲಿ ಸೇತುವೆಯನ್ನು ದಾಟಿ ಹೋಗಿರುತ್ತಾನೆ. ಆ ಸೇತುವೆಗೆ ಒಳಗೊಳಗೆ ಆದ ನೋವು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಾಗಾದರೆ ಅನುಮತಿಯನ್ನು ಸುಲಭವಾಗಿಸಿಬಿಟ್ಟರೆ ಸಾಲದೆ, ಗುಂಡಿ ಒತ್ತಿದೊಡನೆ ಕಾಗದ ಕೈಗೆ ಬರುವಂತೆ ಮಾಡಿದರೆ ಸಾಲದೆ, ಎಂದು ಕೇಳಬಹುದು. ಸಾಲದೆಂಬುದಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅನುಭವವು ಸಾಕ್ಷಿಯಾಗಿದೆ. ಅಲ್ಲಿನ ಐದನೆಯ ಅಂತರರಾಜ್ಯ ಹೆದ್ದಾರಿಯು ಸ್ಕ್ಯಾಗಿಟ್ ನದಿಯನ್ನು ದಾಟುವೆಡೆಯಲ್ಲಿ 1955ರಲ್ಲಿ ಕಟ್ಟಿದ ಉಕ್ಕಿನ ಸೇತುವೆಯೊಂದಿದ್ದಿತು. 2013ರ ಮೇ 23ರ ಸಂಜೆ ಎತ್ತರವಾದ ಹೊರೆಯನ್ನು ಹೊತ್ತ ಟ್ರಕ್ಕೊಂದು ಅದರ ಮೇಲುಭಾಗದ ಅಡ್ಡತೊಲೆಗಳಿಗೆ ತಾಗಿತು. ಕ್ಷಣಮಾತ್ರದಲ್ಲಿ ಸೇತುವೆಯ ಒಂದು ಭಾಗ ನದಿಗೆ ಕುಸಿಯಿತು. ವಾಹನಗಳೊಡನೆ ನೀರಿಗೆ ಬಿದ್ದ ಮೂವರನ್ನು ಬದುಕಿಸಿ ತಂದುದು ಪುಣ್ಯ. ಗಮನಿಸತಕ್ಕ ಸಂಗತಿಯೆಂದರೆ, ಆ ಟ್ರಕ್ಕಿನವನ ಬಳಿ ಅನುಮತಿಪತ್ರವಿದ್ದಿತು. ಎತ್ತರವನ್ನಳೆಯುವ ಕೋಲನ್ನು ನಿಲ್ಲಿಸಿಕೊಂಡ ಪೈಲಟ್ ವಾಹನವು ಮುಂದೆ ಸಾಗುತ್ತಿದ್ದಿತು. ಆದರೆ ಆ ಹೊರೆಯ ಎತ್ತರವು ಸೇತುವೆಯ ಕಮಾನಿನ ಬದಿಯಲ್ಲಿ ಹಿಡಿಸುವುದೋ ಇಲ್ಲವೋ ಎಂದು ಅನುಮತಿ ಕೊಟ್ಟ ವ್ಯವಸ್ಥೆಯು ಪರಿಶೀಲಿಸಿರಲಿಲ್ಲ. ಆ ಹೊಣೆಯನ್ನು ಸಾಗಿಸುವವನ ತಲೆಗೆ ಕಟ್ಟಿ ಕೈತೊಳೆದುಕೊಂಡಿದ್ದಿತು. ಪೈಲಟ್ ವಾಹನದ ಚಾಲಕಿ ಫೋನಿನ ಮಾತಿನಲ್ಲಿ ತೊಡಗಿದ್ದಳೆಂದು ತನಿಖೆಯಿಂದ ತಿಳಿದುಬಂದಿತು. ಕಮಾನು ನಡುವೆ ಎತ್ತರವಾಗಿ ಬದಿಗೆ ತಗ್ಗಾಗಿದ್ದುದರಿಂದ, ಟ್ರಕ್ಕು ಎಡದ ಸಾಲಿನಲ್ಲಿ ಹೋಗಿದ್ದರೆ ತಾಗದೆ ದಾಟಿಬಿಡಬಹುದಾಗಿತ್ತು. ಆ ಒಂದು ಸಾಲು ಸೂಚನೆ ಅನುಮತಿಪತ್ರದಲ್ಲಿರಲಿಲ್ಲ.

ನಿಧಾನವಾದ ಅನುಮತಿಯಿಂದ ಪ್ರಾಮಾಣಿಕನಿಗೆ ಕೇಡು; ಅರಿವಿಲ್ಲದ ಅನುಮತಿಯಿಂದ ಎಲ್ಲರಿಗೂ ಕೇಡು. ಇವೆರಡರಿಂದಲೂ ಪಾರಾಗುವ ಉಪಾಯ ಒಂದೇ, ದಾರಿಯ ಅರಿವನ್ನು ಮೊದಲೇ ಸಂಪಾದಿಸಿಟ್ಟುಕೊಳ್ಳುವುದು. ಪ್ರತಿಯೊಬ್ಬ ಅರ್ಜಿದಾರನು ಬಂದಾಗಲೂ ಹೊಸದಾಗಿ ಸರ್ವೆ ನಡೆಸುವುದಕ್ಕೆ ಬದಲಾಗಿ, ಸೇತುವೆಗಳ ಬಲಾಬಲವನ್ನು ರಾಜ್ಯವೇ ಅಳೆದು ಬರೆದಿಟ್ಟಿದ್ದರೆ, ಅನುಮತಿಯು ಏಕಕಾಲದಲ್ಲಿ ಶೀಘ್ರವೂ ಸುರಕ್ಷಿತವೂ ಆಗಬಲ್ಲುದು. ಸೇತುವೆಗಳ ಪಟ್ಟಿಯನ್ನೂ ಸ್ಥಿತಿಯನ್ನೂ ದಾಖಲಿಸುವ ಕಾರ್ಯವನ್ನು ಕೇಂದ್ರ ಸರ್ಕಾರವು 2016ರಲ್ಲಿ ಆರಂಭಿಸಿದೆ. ಅದರ ಫಲವು ಜಿಲ್ಲೆಯ ಕಾರ್ಯಪಾಲಕ ಇಂಜಿನಿಯರನ ಮೇಜಿಗೂ, ಅಲ್ಲಿಂದ ಜನಸಾಮಾನ್ಯನ ಕಣ್ಣಿಗೂ ತಲಪಬೇಕು. ಇದು ಎಷ್ಟು ತುರ್ತಿನ ಕೆಲಸವೆಂಬುದನ್ನು ಕಾರವಾರದ ಕಾಳಿ ನದಿಯೇ ನಮಗೆ ತಿಳಿಸಿದೆ. 2024ರ ಆಗಸ್ಟ್ 7ರ ನಡುರಾತ್ರಿ ಅಲ್ಲಿನ ಹಳೆಯ ಸೇತುವೆ ಕುಸಿದು ಬಿದ್ದಾಗ ಅದರ ಮೇಲಿದ್ದುದು ಸಾಮಾನ್ಯವಾದ ಲಾರಿಯೊಂದೇ. ಚಾಲಕನನ್ನು ನದಿಯಿಂದ ಎತ್ತಿ ಬದುಕಿಸಲಾಯಿತು. ವಿಶೇಷ ಹೊರೆಯೇನೂ ಇಲ್ಲದೆಯೇ, ಸುಮಾರು ನಾಲ್ಕು ದಶಕಗಳ ವಯಸ್ಸಿನ ಸೇತುವೆ ಹೀಗೆ ಬಿದ್ದ ಮೇಲೆ, ನೂರಾರು ಟನ್ನಿನ ಹೊರೆಯನ್ನು ಹಳೆಯ ಸೇತುವೆಗಳ ಮೇಲೆ ಊಹೆಯಿಂದ ದಾಟಿಸುವುದು ಯಾವ ನ್ಯಾಯ?

ಇತರ ದೇಶಗಳು ಈ ಸಮಸ್ಯೆಯನ್ನು ಹೇಗೆ ನಿಭಾಯಿಸಿವೆಯೆಂಬುದು ವಿಚಾರಾರ್ಹ. ಬ್ರಿಟನ್ನಿನಲ್ಲಿ ಅಗಲವಾದ ಅಥವಾ ಉದ್ದವಾದ ಹೊರೆ ಹೊರಡುವುದಕ್ಕೆ ಎರಡು ಕೆಲಸದ ದಿನಗಳ ಮುಂಚೆ ದಾರಿಯ ಪೊಲೀಸರಿಗೂ, 80 ಟನ್ನನ್ನು ಮೀರಿದ ಹೊರೆಯಾದರೆ ಐದು ದಿನ ಮುಂಚೆ ದಾರಿಯ ಸೇತುವೆಗಳ ಅಧಿಕಾರಿಗಳಿಗೂ ತಿಳುವಳಿಕೆ ಹೋಗತಕ್ಕದ್ದು. ಸೇತುವೆಗೆ ಹಾನಿಯಾದರೆ ತುಂಬಿಕೊಡುವೆನೆಂಬ ಮುಚ್ಚಳಿಕೆಯನ್ನೂ ಸಾಗಿಸುವವನು ಬರೆದುಕೊಡಬೇಕು. ಫ್ರಾನ್ಸ್ ದೇಶದಲ್ಲಿ ಏರ್‌ಬಸ್ ಎ-380 ವಿಮಾನದ ದೇಹಖಂಡಗಳನ್ನು ತುಲೂಸ್ ನಗರಕ್ಕೆ ಸಾಗಿಸುವುದಕ್ಕಾಗಿ, ನದಿಯಲ್ಲಿ ದೋಣಿ ಬರಬಹುದಾದಷ್ಟು ದೂರವೂ ನೀರಿನ ಮೇಲೆಯೇ ತಂದು, ಮುಂದಿನ ಸುಮಾರು 240 ಕಿಲೋಮೀಟರಿಗೆ ಒಂದು ದಾರಿಯನ್ನೇ ಆರಿಸಿ, ಅಗಲಿಸಿ, ತಿರುವುಗಳನ್ನು ಸರಿಪಡಿಸಿ, ಹಗಲು ತಂಗುವುದಕ್ಕೆ ತಾಣಗಳನ್ನು ಕಟ್ಟಿ, 2004ರಿಂದ ಆ ಮಾರ್ಗದಲ್ಲಿ ರಾತ್ರಿಯ ಹೊತ್ತು ಮಾತ್ರ ಸಾಗಿಸತೊಡಗಿದರು. ಲೆವಿನ್ಯಾಕ್ ಎಂಬ ಹಳ್ಳಿಯಲ್ಲಿ ಆ ಖಂಡಗಳು ಮನೆಗಳ ಗೋಡೆಗೆ ತೀರ ಸಮೀಪವಾಗಿ ಹಾಯಬೇಕಾಗಿದ್ದಿತು. ಯಾವ ರಾತ್ರಿ ಹಾಯುವವೆಂಬುದು ಊರವರಿಗೆ ಮುಂಚಿತವಾಗಿ ತಿಳಿದಿರುತ್ತಿತ್ತು. ಆ ದೇಶದ ಸಂಪತ್ತು ನಮಗಿಲ್ಲವೆನ್ನಬಹುದು. ಮುಂಚಿತವಾಗಿ ತಿಳಿಸುವುದಕ್ಕೆ ಸಂಪತ್ತು ಬೇಕಿಲ್ಲ.

ಈ ಪರ್ಯಾಲೋಚನೆಯಿಂದ ನಮ್ಮ ರಾಜ್ಯವು ಕೈಗೊಳ್ಳಬಹುದಾದ ಕ್ರಮಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ನಿಯತವಾದ ಭಾರಮಾರ್ಗಗಳು. ಹೊಸ ಮಂಗಳೂರು ಬಂದರಿನಿಂದ ಶಿರಾಡಿ ಘಾಟಿಯ ಮೂಲಕವಾಗಲಿ, ಅಂಕೋಲೆಯಿಂದ ಅರಬೈಲು ಘಾಟಿಯನ್ನೇರಿ ಹುಬ್ಬಳ್ಳಿಯ ಮೂಲಕವಾಗಲಿ ಬಯಲುಸೀಮೆಯನ್ನು ಸೇರುವ ದಾರಿಗಳಲ್ಲಿ ಯಾವುದು ಯಾವ ಬಗೆಯ ಹೊರೆಗೆ ತಕ್ಕುದೆಂದು ನಿರ್ಣಯಿಸಿ, ಅಲ್ಲಿನ ಸೇತುವೆಗಳನ್ನು ಪರೀಕ್ಷಿಸಿ, ತಂತಿಗಳನ್ನು ಒಮ್ಮೆಗೇ ಎತ್ತರಿಸಿ, ಟ್ರೇಲರುಗಳು ರಸ್ತೆಯಿಂದ ಪಕ್ಕಕ್ಕೆ ಸರಿದು ನಿಲ್ಲಲು ಜಾಗ ಮಾಡಿಡಬೇಕು. ಇದರ ವೆಚ್ಚದ ನ್ಯಾಯವಾದ ಪಾಲನ್ನು ಅನುಮತಿಯ ಶುಲ್ಕದಿಂದಲೇ ಪಡೆಯಬಹುದು. ಎರಡನೆಯದು, ಒಬ್ಬನೇ ಅಧಿಕಾರಿ. ಇಲಾಖೆಗಳು ಎಷ್ಟೇ ಇರಲಿ, ಅರ್ಜಿಯನ್ನು ಸ್ವೀಕರಿಸುವವನೂ ಎಲ್ಲರಿಂದ ಒಪ್ಪಿಗೆಯನ್ನು ತರಿಸುವವನೂ ಕೊನೆಗೆ ರುಜು ಹಾಕುವವನೂ ಒಬ್ಬನೇ ಆಗಿರಬೇಕು; ನಿಯತ ಅವಧಿಯೊಳಗೆ ಒಪ್ಪಿಗೆಯನ್ನೋ ಕಾರಣಸಹಿತವಾದ ನಿರಾಕರಣೆಯನ್ನೋ ಆತನು ಬರೆಹದಲ್ಲಿ ಕೊಡತಕ್ಕದ್ದು.

ಮೂರನೆಯದು, ಬಹಿರಂಗತೆ. ದಾರಿಯ ಪ್ರತಿಯೊಂದು ಗ್ರಾಮ ಪಂಚಾಯಿತಿಯ ಫಲಕದಲ್ಲಿಯೂ, ಆಸ್ಪತ್ರೆಯಲ್ಲಿಯೂ, ಬಸ್ಸು ನಿಲ್ದಾಣದಲ್ಲಿಯೂ, ಹೊರೆಯ ಅಳತೆಯೇನು, ಯಾವ ರಾತ್ರಿ ಎಷ್ಟು ಹೊತ್ತಿಗೆ ಹಾಯುವುದು, ವಿದ್ಯುತ್ತು ಎಷ್ಟು ಹೊತ್ತು ನಿಲ್ಲುವುದು, ಆಂಬುಲೆನ್ಸಿಗೆ ಬದಲಿ ದಾರಿ ಯಾವುದು, ಹಾನಿಯಾದರೆ ಯಾರನ್ನು ಕಾಣಬೇಕು ಎಂಬಿಷ್ಟನ್ನು ಕನ್ನಡದಲ್ಲಿ ಬರೆದು ಅಂಟಿಸಬೇಕು. ಹೆರಿಗೆಯ ನೋವಿನ ಹೆಣ್ಣುಮಗಳನ್ನು ಹೊತ್ತ ವಾಹನವು ಟ್ರೇಲರಿನ ಹಿಂದೆ ಸಿಕ್ಕಿಕೊಂಡ ಮೇಲೆ ಹುಡುಕುವ ಪರಿಹಾರವು ಪರಿಹಾರವಲ್ಲ. ನಾಲ್ಕನೆಯದು, ಹೊಣೆ. ಸಾಗಿಸುವವನು ಮುಂಗಡವಾಗಿ ಠೇವಣಿ ಇಡಬೇಕು; ಪಯಣಕ್ಕೆ ಮೊದಲೂ ಅನಂತರವೂ ಸೇತುವೆ ರಸ್ತೆಗಳನ್ನು ಇಂಜಿನಿಯರು ನೋಡಿ ಬರೆದಿಡಬೇಕು; ಮುರಿದ ಮೋರಿಯ ಚಪ್ಪಡಿಗೂ ಬಿದ್ದ ಕಾಂಪೌಂಡಿಗೂ ಬಡವನು ಕಚೇರಿಯಿಂದ ಕಚೇರಿಗೆ ಅಲೆಯದಂತೆ ಆ ಠೇವಣಿಯಿಂದಲೇ ಹಣ ಸಲ್ಲಬೇಕು. ಅನುಮತಿಯಿಲ್ಲದೆ ಸಾಗಿದವನಿಗೆ ದಂಡವು ಹೊರೆಯ ಬೆಲೆಗೆ ಅನುಗುಣವಾಗಿರಬೇಕು.

ಐದನೆಯದೂ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದುದೂ ಆದ ಕ್ರಮ, ಈ ಹೊರೆಯ ಜೊತೆಯಲ್ಲಿ ಬದುಕುವವರ ರಕ್ಷಣೆ. ತಿಂಗಳುಗಟ್ಟಲೆ ರಸ್ತೆಯಂಚಿನಲ್ಲಿಯೇ ಅಡುಗೆ ಮಾಡಿಕೊಂಡು, ಟ್ರೇಲರಿನ ನೆರಳಿನಲ್ಲಿಯೇ ಮಲಗಿ, ಮನೆಮಕ್ಕಳ ಮುಖವನ್ನು ಕಾಣದೆ ದುಡಿಯುವ ಚಾಲಕರೂ ಕ್ಲೀನರುಗಳೂ ಕೂಲಿಕಾರರೂ ಅನೇಕರು. ಅವರಲ್ಲಿ ಒಬ್ಬನು ಹೊರೆಯ ನೆತ್ತಿಯ ಮೇಲೆ ನಿಂತು, ಒಣಗಿದ ಕೋಲೊಂದರಿಂದ ವಿದ್ಯುತ್ ತಂತಿಯನ್ನೆತ್ತಿ ಹಿಡಿದು ವಾಹನವನ್ನು ಮುಂದಕ್ಕೆ ಬಿಡುವ ರೂಢಿಯು ನಮ್ಮ ರಸ್ತೆಗಳಲ್ಲಿ ಇಂದಿಗೂ ಇದೆ. ಲೈನ್‌ಮನ್ ಬಂದು ವಿದ್ಯುತ್ತನ್ನು ನಿಲ್ಲಿಸಿದನೆಂದು ಬರೆಹದಲ್ಲಿ ಖಚಿತವಾಗದೆ ಯಾವ ತಂತಿಯನ್ನೂ ಯಾವ ಮನುಷ್ಯನೂ ಮುಟ್ಟಕೂಡದೆಂಬುದು ಅನುಮತಿಯ ಮೊದಲ ಷರತ್ತಾಗಬೇಕು. ಕೋಟಿಯ ಯಂತ್ರಕ್ಕೆ ವಿಮೆಯುಂಟು. ಆ ಕೋಲು ಹಿಡಿದವನ ಜೀವಕ್ಕೆ ನಮ್ಮ ಎಚ್ಚರವೇ ವಿಮೆ.

ಇಷ್ಟೊಂದು ನಿಬಂಧನೆಗಳಿಂದ ಉದ್ಯಮಕ್ಕೆ ತೊಡಕಾಗುವುದೆಂಬ ಆಕ್ಷೇಪಣೆ ಬರಬಹುದು. ಗಾಳಿಯಿಂದ ಬರುವ ವಿದ್ಯುತ್ತು ಹೊಗೆಯಿಲ್ಲದ ವಿದ್ಯುತ್ತು. ಅದನ್ನು ಬಯಸುವ ದೇಶವು ಅದರ ರೆಕ್ಕೆಗಳಿಗೆ ದಾರಿಯನ್ನೂ ಕೊಡಬೇಕೆಂಬುದನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಆದರೆ ಉದ್ಯಮಿಯನ್ನು ಇಂದು ಕಾಡುತ್ತಿರುವುದು ನಿಬಂಧನೆಗಳ ಇರವಿಗಿಂತಲೂ ಅವುಗಳ ಅನಿಶ್ಚಯತೆ. ಎಷ್ಟು ದಿನ ಹಿಡಿಯುವುದು, ಎಷ್ಟು ಹಣ ಬೇಕು, ಯಾರನ್ನು ಕಾಣಬೇಕು ಎಂಬುದು ಹೊರಡುವ ಮುನ್ನವೇ ನಿಶ್ಚಿತವಾದರೆ, ಪ್ರಾಮಾಣಿಕನಾದ ಸಾಗಣೆದಾರನು ಅದನ್ನು ತನ್ನ ಭಾಗ್ಯವೆಂದೇ ಭಾವಿಸಿಯಾನು. ಗೊತ್ತಾದ ನಿಯಮಕ್ಕೆ ಲಂಚದ ಬಾಯಿ ಚಿಕ್ಕದು. ಹಳ್ಳಿಯವನೂ ಅಷ್ಟೆ. ಒಂದು ರಾತ್ರಿ ದಾರಿ ಬಿಡುವುದಕ್ಕೆ ಆತನೆಂದೂ ಹಿಂಜರಿದವನಲ್ಲ. ಹೇಳದೆ ಕೇಳದೆ ತನ್ನ ದಾರಿಯನ್ನು ಕಸಿದುಕೊಂಡಾಗ ಮಾತ್ರ ಆತನ ಮನಸ್ಸು ಮುರಿಯುತ್ತದೆ.

ಇವೆಲ್ಲವೂ ಒಂದೇ ದಿನದಲ್ಲಿ ಆಗಲಾರವೆಂಬುದು ನಿಜ. ಆದರೆ ಆರಂಭಕ್ಕೆ ಹೊಸ ಕಾಯಿದೆಯೇನೂ ಬೇಕಾಗಿಲ್ಲ. ಬಂದರಿನಿಂದ ಚಿತ್ರದುರ್ಗ, ಗದಗು, ಕೊಪ್ಪಳ, ವಿಜಯಪುರ ಜಿಲ್ಲೆಗಳ ಗಾಳಿಗುಡ್ಡಗಳವರೆಗಿನ ದಾರಿಗಳಲ್ಲಿರುವ ಸೇತುವೆಗಳ ಪಟ್ಟಿಯನ್ನು, ಒಂದೊಂದೂ ತಾಳಬಲ್ಲ ಭಾರದ ಸಹಿತವಾಗಿ, ಲೋಕೋಪಯೋಗಿ ಇಲಾಖೆಯು ಪ್ರಕಟಿಸಲಿ. ಆ ದಾರಿಗಳ ಅನುಮತಿಗೆ ಹೊಣೆಯಾದ ಅಧಿಕಾರಿಯ ಪದನಾಮವನ್ನು ಸರ್ಕಾರವು ಘೋಷಿಸಲಿ. ಕೊಟ್ಟ ಪ್ರತಿಯೊಂದು ಅನುಮತಿಯೂ ಆಯಾ ಊರಿನ ಪಂಚಾಯಿತಿಯ ಫಲಕಕ್ಕೆ ಏರಲಿ. ಈ ಮೂರು ಕೆಲಸಗಳು ಒಂದು ಸುತ್ತೋಲೆಯಿಂದ ಆಗತಕ್ಕವು. ರಸ್ತೆಯ ಒಡೆತನ ಜನರದೆಂದು ನಾವು ನಿಜವಾಗಿ ನಂಬುವುದಾದರೆ, ಅದನ್ನು ಒಬ್ಬರಿಗೆ ಬಿಟ್ಟುಕೊಡುವಾಗ ಒಡೆಯನಿಗೆ ತಿಳಿಸಿ ಬಿಟ್ಟುಕೊಡುವುದು ಸರ್ಕಾರದ ಔದಾರ್ಯವೆನಿಸದು; ಅದು ಸರ್ಕಾರದ ಕರ್ತವ್ಯ.